ಎಡಬಲದ ನಡುವೆ ನಿಂತ ಸತ್ಯವ್ವ

ಭಾನುವಾರ, ಈಗಷ್ಟೇ ಬೆಳಕು ಹರಿಯುತ್ತಿದೆ. ಬೆಳಗಾವಿಯಿಂದ ಗುಂಜಿಯ ಕಡೆಗೆ ಹೊರಟ ಪ್ಯಾಸೆಂಜರ್ ಗಾಡಿಯ ಕಟ್ಟಿಗೆಯ ಬೆಂಚಿನ ಮೇಲೆ ಕುಳಿತ ಸತ್ಯವ್ವ, ಎದುರಿನ ಪಾದ್ರಿ ಗುರುಪುತ್ರಪ್ಪನವರನ್ನು ಪರೀಕ್ಷೆಗೆ ಕೂಡಿಸಿದ್ದಾರೆ.

"ಅಯ್ಯನವರ, ಇವತ್ತಿನ ಪ್ರಸಂಗದಾಗ ಬಿರುಸು ಶಬ್ದ ಏನೇನ ಅದಾವ, ಈಗ ಹೇಳಿಬಿಡ್ರಿ. ಅಲ್ಲಿ ನಿಂತ ಮ್ಯಾಲ ನನ್ನ ಮಾರಿ ನೋಡಬ್ಯಾಡ್ರಿ."

"ಲೋಕಾಂತ್ಯ, ನ್ಯಾಯತೀರ್ಪು, ಜನಾಂಗ," ಪಾದ್ರಿಗಳು ಬೆರಳು ಮಡಚುತ್ತಾರೆ.

"ಜನಾಂಗ ನನಗ ಹೇಳಬ್ಯಾಡ್ರಿ. ಆ ಶಬ್ದ ಒಮ್ಮೆ ನನ್ನ ಕೆಡವೇತಿ," ಎಂದು ಸತ್ಯವ್ವ ನಗುತ್ತಾರೆ.

ಗುಂಜಿಯ ಕಾಡಿನ ಅಂಚಿಗೆ ನಡೆಯುವ ಪ್ರಾರ್ಥನಾ ಕೂಟದಲ್ಲಿ ಪಾದ್ರಿಗಳು ಕನ್ನಡದಲ್ಲಿ ಒಂದು ಮಾತು ಆಡಿದರೆ, ಬಾಜೂ ನಿಂತ ಸತ್ಯವ್ವ ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಹದಿನಾಲ್ಕು ವರ್ಷ, ವರ್ಷಕ್ಕೆ ನಲವತ್ತಕ್ಕೂ ಹೆಚ್ಚು ಭಾನುವಾರ. ಸಂಬಳವಿಲ್ಲ. ವಾರವೆಲ್ಲ ಬೆಳಗಾವಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ. ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಹಾಗಾದರೆ ಮರಾಠಿ?

"ಖಾನಾಪುರಕ್ಕ ಕೊಟ್ರಲ್ರಿ, ಬಾವಿ ಕಟ್ಟೀ ಮ್ಯಾಲ ಜಗಳಾಡಿ ಕಲತೆ. ಬೈಗಳ ಮೊದಲ ಬಂದ್ವು, ದೇವರ ಮಾತು ಆಮ್ಯಾಲ."

ಹಂಚಿನ ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಬೆಳಗಾವಿಗೆ ಬಂದರೂ ಆ ಮರಾಠಿ ಅವರನ್ನು ಬಿಡಲಿಲ್ಲ.

'ಜನಾಂಗ' ಕೆಡವಿದ್ದು ೧೯೭೯ರಲ್ಲಿ. ಅಂತ್ಯದ ದಿನ ಎಲ್ಲ ಜನಾಂಗಗಳೂ ಒಡೆಯನ ಮುಂದೆ ಕೂಡುತ್ತವೆ, ಅವನು ಕುರಿಗಳನ್ನು ಬಲಕ್ಕೂ ಆಡುಗಳನ್ನು ಎಡಕ್ಕೂ ಬೇರೆ ಮಾಡಿ ನಿಲ್ಲಿಸುತ್ತಾನೆ ಎಂಬ ಪ್ರವಾದನೆಯ ಮೇಲೆ ಅಂದಿನ ಪ್ರಸಂಗ. ಜನಾಂಗಕ್ಕೆ ಮರಾಠಿಯಲ್ಲಿ 'ರಾಷ್ಟ್ರ' ಎಂದರು ಸತ್ಯವ್ವ. ಗಡಿಯ ಮಾತು ಎಲ್ಲರ ಬಾಯಲ್ಲಿದ್ದ ದಿನಗಳು. ಕೆಲವರ ಕಿವಿಗೆ ಮಹಾರಾಷ್ಟ್ರವೇ ಬಿತ್ತು. ಮೇಲಾಗಿ ಪಾದ್ರಿಗಳು 'ಆಡುಗಳು' ಎನ್ನುತ್ತ ಎಡಗೈ ಚಾಚಿದರು. ಸತ್ಯವ್ವನ ದನಿ ಚೆನ್ನಾಗಿ ಕೇಳಲೆಂದು ಮರಾಠಿಯವರು ಕೂಡುತ್ತಿದ್ದದ್ದು ಆ ಕಡೆಗೇ.

ಊರ ಹಿರಿಯ ಪಂಢರಿನಾಥರು ಎದ್ದು ಕಂಬಳಿ ಕೊಡವಿದರು. "ಬಾಯಿ, ಆಮ್ಹೀ ಶೇಳ್ಯಾ ಕಾಯ?" ಅವ್ವಾ, ನಾವೇನು ಆಡುಗಳೇ ಎಂದು. ಅರ್ಧ ಸಭೆ ಅವರ ಹಿಂದೆ ಹೋಯಿತು.

ಇನ್ನು ಕನ್ನಡದವರಿಗೊಂದು, ಮರಾಠಿಯವರಿಗೊಂದು ಕೂಟ ಎಂದು ಸಭೆಯ ಹಿರಿಯರು ತೀರ್ಮಾನಿಸಿಬಿಟ್ಟರು.

"ನನ್ನ ಕೆಲಸ ಹೋದ್ರ ಹೋಗಲಿ. ನನ್ನ ಬಾಯಿಂದ ಕೂಡಿದ ಮಂದಿ ನನ್ನ ಬಾಯಿಂದನ ಒಡದ್ರಲ್ಲ, ಅದು ತಡೀಲಿಲ್ರಿ," ಎನ್ನುತ್ತಾರೆ ಸತ್ಯವ್ವ. ಒಂದೇ ಒಂದು ಭಾನುವಾರ ಕೊಡಿರೆಂದು ಹಿರಿಯರನ್ನು ಬೇಡಿಕೊಂಡರು. ಹಿಂದಿನ ದಿನವೇ ಹೋಗಿ ಪಂಢರಿನಾಥರ ಅಂಗಳದಲ್ಲಿ ಕುಳಿತರು. ಅಂದು ಮರಾಠಿಯಲ್ಲಿ ಆಡಿದ್ದನ್ನು ಈಗ ಕನ್ನಡದಲ್ಲಿ ಹೇಳಿ ತೋರಿಸುತ್ತಾರೆ: "ಕಾಕಾ, ಅರ್ಧಾ ಕೇಳಿ ಎದ್ದ ಹೋದ್ರಿ. ಉಳಿದರ್ಧಾ ನನ್ನ ಗಂಟಲಾಗ ಸಿಕ್ಕೊಂಡೈತಿ."

ಮರುದಿನ ಪಂಢರಿನಾಥರು ಬಂದರು. ಎಲ್ಲರಿಗಿಂತ ಮೊದಲೇ ಬಂದು, ತಮ್ಮವರನ್ನೆಲ್ಲ ಕೂಡಿಸಿಕೊಂಡು ಪಾದ್ರಿಗಳ ಬಲಗಡೆಯನ್ನು ಪೂರ್ತಿ ಹಿಡಿದು ಕುಳಿತರು. ತಡವಾಗಿ ಬಂದ ಕನ್ನಡದವರು ಎಡಕ್ಕೆ ಕೂಡಲೊಲ್ಲದೆ ನಿಂತೇಬಿಟ್ಟರು.

ಸತ್ಯವ್ವ ಪಾದ್ರಿಗಳ ಬಾಜೂ ಬಿಟ್ಟು ಸಭೆಯ ನಡುವಿಗೆ ಬಂದರು. ಈ ಸಲ ರಾಷ್ಟ್ರ ಎನ್ನಲಿಲ್ಲ. 'ದೇಶೋದೇಶೀಚೇ ಲೋಕ', ದೇಶದೇಶದ ಮಂದಿ ಎಂದರು. ಪ್ರವಾದನೆಯನ್ನು ಕೊನೆಯವರೆಗೂ ಓದಿಸಿದರು. ಬಲಕ್ಕೆ ನಿಲ್ಲುವವರು ಹಸಿದವರಿಗೆ ಉಣ್ಣಲು ಕೊಟ್ಟವರು, ಪರಸ್ಥಳದವನನ್ನು ಒಳಗೆ ಕರೆದವರು. ಎಡಕ್ಕೆ ನಿಲ್ಲುವವರು ಬಾಗಿಲು ಹಾಕಿಕೊಂಡವರು. ಆಮೇಲೆ ಎರಡೂ ಭಾಷೆಯಲ್ಲಿ ತಾವೇ ಹೇಳಿದರು: "ಅವತ್ತ ನೀ ಯಾವ ಭಾಷಾದಾಂವ ಅಂತ ಕೇಳಾಂಗಿಲ್ಲ. ಯಾರಿಗೆ ರೊಟ್ಟಿ ಕೊಟ್ಟಿ ಅಂತ ಕೇಳ್ತಾನ."

ಪಂಢರಿನಾಥರು ಗಡ್ಡ ಕೆರೆದುಕೊಂಡು, ತಮಗೆ ಬಂದಷ್ಟು ಕನ್ನಡದಲ್ಲಿ ಅಂದರು: "ಹಂಗಾದ್ರ ನಾ ನಸುಕಿನ್ಯಾಗ ಬಂದು ಜಾಗಾ ಹಿಡದಿದ್ದು ದಂಡ ಆತಲ್ಲವಾ."

ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಯಾವಾಗ್ಲೂ ಕನ್ನಡದವ್ರು ಮೊದಲ ನಗತಾರ್ರಿ, ಮರಾಠಿಯವ್ರು ನಾ ಹೇಳಿದ ಮ್ಯಾಲ. ಅವತ್ತ ಎಲ್ಲಾರೂ ಕೂಡೇ ನಕ್ರು," ಎನ್ನುವಾಗ ಸತ್ಯವ್ವನ ದನಿ ಏರುತ್ತದೆ.

ಪಂಢರಿನಾಥರು ಸರಿದು ಜಾಗ ಮಾಡಿಕೊಟ್ಟರು, ನಿಂತವರು ಸಿಕ್ಕಸಿಕ್ಕಲ್ಲಿ ಕುಳಿತರು. ಎರಡು ಕೂಟದ ಮಾತು ಅಲ್ಲಿಗೇ ಬಿತ್ತು. ಈಗ ಏಳು ವರ್ಷ. ಕೂಡುವ ಇನ್ನೂರು ಮಂದಿಯಲ್ಲಿ ಯಾರು ಯಾವ ಭಾಷೆಯವರೆಂದು ಕುಳಿತ ಜಾಗ ನೋಡಿ ಹೇಳಲಾಗದು.

ಇನ್ನೇನಾದರೂ ಆಸೆ ಉಳಿದಿದೆಯೇ ಎಂದರೆ ಸತ್ಯವ್ವ ಸೆರಗು ಸರಿಮಾಡಿಕೊಳ್ಳುತ್ತಾರೆ.

"ಕಡೀಕ ಸಿಂಹಾಸನದ ಮುಂದ ಎಲ್ಲಾ ಭಾಷಾದ ಮಂದಿ ಕೂಡಿ ನಿಲ್ತಾರಂತ್ರಿ. ಅವತ್ತ ನಡುವ ಹೇಳಾವ್ರು ಬೇಕಾಗಾಂಗಿಲ್ಲ. ಅವತ್ತರೆ ನಾನೂ ಬಾಯಿ ಮುಚ್ಚಿಕೊಂಡು ಕುಂತ ಕೇಳಬೇಕು. ಅಲ್ಲೀತನಕ ಈ ಕೆಲಸ ಯಾರಿಗೂ ಬಿಟ್ಟಕೊಡಾಂಗಿಲ್ಲ."