ಗಿಟಾರ್ ಮೇಷ್ಟ್ರ ಬೆರಳುಗಳು

ಹೋದ ವಾರ ಮಗಳ ಚಪ್ಪಲಿ ಅಂಟಿಸಲು ಗಮ್ ಟ್ಯೂಬಿನ ಮೂತಿ ಕತ್ತರಿಸಿದೆ. ಕಣ್ಣು ಉರಿಸುವ ಆ ವಾಸನೆ ಬಂದದ್ದೇ ತಡ, ಹದಿನೈದು ವರ್ಷದ ಹಿಂದಿನ ಗಿಟಾರ್ ಮೇಷ್ಟ್ರು ನೆನಪಾದರು. ಪ್ರೋಗ್ರಾಮಿಗೆ ಮುಂಚೆ ಬಲಗೈಯ ಸೀಳಿದ ಉಗುರುಗಳಿಗೆ ಅಂಥದೇ ಗಮ್ ಸವರಿಕೊಂಡು, ಊದುತ್ತಾ ಕೂರುತ್ತಿದ್ದರು.

ಆಗ ನಾನು ತುಮಕೂರಿನ ಸಣ್ಣ ಆರ್ಕೆಸ್ಟ್ರಾ ಒಂದರಲ್ಲಿ ಹಾಡುತ್ತಿದ್ದೆ. ಮೇಷ್ಟ್ರು ಹೆಬ್ಬೂರಿನಿಂದ ಬಸ್ಸಿನಲ್ಲಿ, ಎಲೆಕ್ಟ್ರಿಕ್ ಗಿಟಾರನ್ನು ತೊಡೆ ಮೇಲೆ ನಿಲ್ಲಿಸಿಕೊಂಡು ಬರೋರು. ಬೇರೆಯವರು ಪ್ಲಾಸ್ಟಿಕ್ಕಿನ ಪಿಕ್ ಹಿಡಿದು ತಂತಿ ಮೀಟಿದರೆ ಇವರದು ಬರಿಗೈ. ಹೆಬ್ಬೆರಳಲ್ಲಿ ದಪ್ಪ ತಂತಿ, ಉಳಿದ ಬೆರಳಲ್ಲಿ ರಾಗ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದ ಹಾಗೆ ಕೇಳಿಸುತ್ತಿತ್ತು. ಪಿಕ್ ಯಾಕೆ ಹಿಡಿಯಲ್ಲ ಅಂತ ಕೇಳಿದ್ದಕ್ಕೆ, "ನಡುವೆ ಅದೊಂದು ಯಾಕಮ್ಮ? ತಂತಿ ನಡುಗೋದು ನನ್ ಬೆರಳಿಗೇ ಗೊತ್ತಾಗ್ಬೇಕು" ಅಂದಿದ್ದರು. ಹಾಡಿನಲ್ಲಿ ನನಗೆ ಎಲ್ಲಿ ಉಸಿರು ಸಾಲುವುದಿಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಸರಿಯಾಗಿ ಅಲ್ಲೇ ಒಂದು ಮೀಟು ಕೊಟ್ಟು ನನ್ನನ್ನು ದಾಟಿಸಿಬಿಡೋರು...

ಒಂದು ದಿನ ಗುಬ್ಬಿಯ ಛತ್ರವೊಂದರಲ್ಲಿ ಆರತಕ್ಷತೆಗೆ ನಮ್ಮ ಪ್ರೋಗ್ರಾಮ್. ಸಂಜೆ ಏಳೂ ಆಗಿರಲಿಲ್ಲ. ಮದುಮಗನ ಚಿಕ್ಕಪ್ಪನ ಮಗ ಕುಡಿದು ಸ್ಟೇಜ್ ಹತ್ತಿ, ಕುಣಿಯೋಕೆ ಬಾ ಅಂತ ನನ್ನ ಕೈ ಹಿಡಿದೆಳೆದ. ಕೊಸರಾಡಿದೆ. ಮೈಕ್ ಕಿತ್ತುಕೊಂಡು ಅದರಲ್ಲೇ ನನ್ನ ಬಾಯಿಗೆ ಹೊಡೆದ. ತುಟಿ ಸೀಳಿತು.

ಮೇಷ್ಟ್ರು ಅವನ ಕಾಲರ್ ಹಿಡಿದು, "ಕೈ ಬುಡ್ಲಾ" ಅಂದರು. ಅಷ್ಟಕ್ಕೇ ನಾಲ್ಕೈದು ಜನ ಅವರ ಮೇಲೆ ಬಿದ್ದರು. ಹೊಟ್ಟೆಗೆ ಒದ್ದರು. ಕಾಲಿಗೆ ಸಿಕ್ಕ ವೈರ್ ಕಿತ್ತು ಸ್ಪೀಕರ್ ಚೀರಿತು. ಇಬ್ಬರು ಅವರ ಬಲಗೈಯನ್ನು ಹಲಗೆಗೆ ಒತ್ತಿ ಹಿಡಿದರು. ಆ ಕುಡುಕ ಮೈಕ್ ಸ್ಟ್ಯಾಂಡ್ ತಲೆಕೆಳಗು ಮಾಡಿ, ಅದರ ಕಬ್ಬಿಣದ ಬುಡದಿಂದ ಬೆರಳುಗಳ ಮೇಲೆ ಕುಟ್ಟಿದ. "ಬೆರಳಲ್ಲಿ ನುಡಿಸ್ತೀಯೇನ್ಲಾ? ಈಗ ನುಡ್ಸು!" ಮೂರು ಸಲ. ಎರಡನೆಯದಕ್ಕೆ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮೇಷ್ಟ್ರು ಕೂಗಲಿಲ್ಲ. ಒಂಥರಾ ಕೆಮ್ಮಿದರು. ಕೆಳಗೆ ಊಟದ ಹಾಲ್‌ನಲ್ಲಿ ಬಡಿಸುವುದು ನಿಂತಿರಲಿಲ್ಲ.

ಬೆಳಿಗ್ಗೆ ನಮ್ಮ ಆರ್ಕೆಸ್ಟ್ರಾ ಓನರ್ ಮನೆಗೇ ಬಂದ. "ಪೊಲೀಸ್ನೋರು ಕೇಳಿದ್ರೆ, ಮೇಷ್ಟ್ರು ಸ್ಟೇಜಿಂದ ಜಾರಿ ಬಿದ್ರು ಅಂತ ಹೇಳ್ಬಿಡು. ಅವ್ರು ದೊಡ್ಡ ಜನ ಕಣಮ್ಮ." ನನ್ನ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರಿಗೆ ಈ ಗಲಾಟೆ ತಿಳಿದರೆ ಮುಗೀತು ಅಂತ ಅಣ್ಣನೂ ಹೆದರಿಸಿದ. ಸ್ಟೇಷನ್ನಿನಲ್ಲಿ ಎಸ್‌ಐ ನನ್ನ ತುಟಿ ನೋಡಿ ಎರಡು ಸಲ ಕೇಳಿದರು. ಎರಡು ಸಲವೂ, "ಮೈಕ್ ತಾಗ್ತು ಸರ್. ಮೇಷ್ಟ್ರು ಜಾರಿ ಬಿದ್ರು" ಅಂದೆ. ಸಹಿ ಹಾಕಿದೆ.

ಆಸ್ಪತ್ರೆಯಲ್ಲಿ ಮೇಷ್ಟ್ರ ಎರಡು ಬೆರಳು ತೆಗೆದರು, ಇನ್ನೊಂದು ಮಡಚಲು ಬಾರದಂತೆ ಸೆಟೆದುಕೊಂಡಿತು. ಮೂರು ತಿಂಗಳ ಮೇಲೆ ಹೆಬ್ಬೂರಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಗಿಟಾರ್ ಹಿಡಿದು ಕೂತಿದ್ದರು. ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಪಿಕ್ ಸಿಕ್ಕಿಸಿಕೊಂಡು ಮೀಟಲು ನೋಡುತ್ತಿದ್ದರು. ಅದು ಜಾರಿ ಬೀಳೋದು, ಬಗ್ಗಿ ಎತ್ತಿಕೊಳ್ಳೋರು, ಮತ್ತೆ ಬೀಳೋದು...

"ಮೇಷ್ಟ್ರೇ, ನಾನು ಸುಳ್ಳು ಹೇಳ್ದೆ" ಅಂದೆ.

"ಗೊತ್ತು. ಪೊಲೀಸ್ನೋರು ನಿನ್ ಹೇಳಿಕೆ ಓದಿ ಹೇಳಿದ್ರು" ಅಂದರು. ನಿಧಾನಕ್ಕೆ ಎದ್ದು ನಿಂತರು. ಎಡಗೈಯಲ್ಲಿ ಗಿಟಾರಿನ ಕತ್ತು ಹಿಡಿದು ಜಗಲಿಯ ಕಂಬಕ್ಕೆ ಅಪ್ಪಳಿಸಿದರು. ಮತ್ತೆ ಅಪ್ಪಳಿಸಿದರು. ಮರ ಸೀಳಿ, ತಂತಿ ಕಿತ್ತು ಬಂದು ಅವರ ಕೆನ್ನೆಗೇ ಬಾರಿಸಿತು. ಒಳಗಿಂದ ಹೆಂಡತಿ ಓಡಿಬಂದರು. "ಎದ್ದೋಗಮ್ಮ ಇಲ್ಲಿಂದ. ಎದ್ದೋಗು" ಅಂದರು ಮೇಷ್ಟ್ರು. ಅಷ್ಟು ಸಿಟ್ಟಿನಲ್ಲೂ ಅಮ್ಮ ಅನ್ನೋದು ಬಿಟ್ಟಿರಲಿಲ್ಲ.

ಮದುವೆಯಾಗಿ ಕುಣಿಗಲ್ಲಿಗೆ ಬಂದೆ. ಮತ್ತೆ ಹಾಡಲಿಲ್ಲ. ಮೇಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಾಗ ತಿಂಗಳು ಕಳೆದಿತ್ತು. ಹೆಬ್ಬೂರಿಗೆ ಹೋಗಿ ಅವರ ಹೆಂಡತಿಯನ್ನು ಕಂಡೆ. ಗುರುತು ಹಿಡಿದರು, ಬೈಯಲಿಲ್ಲ, ಒಂದು ಲೋಟ ನೀರು ಕೊಟ್ಟರು. "ಮನೇಲಿ ನಿನ್ ಹೆಸ್ರು ಯಾರೂ ಎತ್ತಂಗಿರ್ಲಿಲ್ಲ" ಅಂದರು. ಮೇಷ್ಟ್ರು ನನ್ನನ್ನು ಕ್ಷಮಿಸಿದ್ದರೇ, ಇಲ್ಲವೇ ಅಂತ ಕೇಳುವ ಧೈರ್ಯ ಬರಲಿಲ್ಲ. ಇನ್ನು ಕೇಳೋಣವೆಂದರೆ ಹೇಳುವವರೇ ಇಲ್ಲ.

ಯಾರೂ ಕೇಳದಿದ್ದರೂ ಇಲ್ಲಿ ಬರೆದಿಡುತ್ತೇನೆ. ಮೇಷ್ಟ್ರು ಜಾರಿ ಬೀಳಲಿಲ್ಲ. ನಾನು ಮೂರಡಿ ದೂರದಲ್ಲಿ ನಿಂತು ನೋಡಿದ್ದೆ.