ಬಿಹೇವ್‌ಗೆ ಅರಬಿಯಲ್ಲಿ ಏನನ್ನುತ್ತಾರೆ?

"ಲೋ, ಈ ತಾತಂಗೆ ಸ್ವಲ್ಪ ಬಿಹೇವ್ ಮಾಡೋಕೆ ಹೇಳೋ! ಇನ್ನೊಂದ್ಸಲ ಡ್ರಿಪ್ ಕಿತ್ತುಹಾಕಿದ್ರೆ ಕೈ ಕಟ್ತಾರೆ" ಎಂದು ಅಕ್ಕ ವಾರ್ಡಿನ ಬಾಗಿಲಲ್ಲೇ ನನ್ನನ್ನು ಹಿಡಿದಳು. ಪೋರೂರಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ನಾನು ಊಟದ ಡಬ್ಬಿ ಕೊಡಲು ಹೋದವನು. ತಾತ ಒಮಾನಿನಿಂದ ಚಿಕಿತ್ಸೆಗೆ ಬಂದವರು, ಅರಬಿ ಬಿಟ್ಟರೆ ಬೇರೆ ಭಾಷೆ ಬಾರದು. ಅಲ್ಲಿನ ಅರಬಿ ದುಭಾಷಿ ಇನ್ನೊಬ್ಬ ರೋಗಿಯನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದನಂತೆ.

ನಾನು ವಿಶ್ವವಿದ್ಯಾಲಯದಲ್ಲಿ ಅರಬಿ ಓದಿದ್ದು ನಿಜ. ಆದರೆ ನೆನಪಿಗೆ ಬಂದ ಒಂದು ಪದ ತುಂಟ ಮಕ್ಕಳನ್ನು ಗದರುವಂಥದ್ದು, ಇನ್ನೊಂದು ಸರ್ಕಾರಿ ಸುತ್ತೋಲೆಯಂಥದ್ದು. ಅದಾದರೂ ಸರಿಯೇ ಎಂಬ ಗುಮಾನಿ ಬೇರೆ. ಮೊಬೈಲನ್ನು ಕೇಳಿದರೆ ಅದು ಮತ್ತಷ್ಟು ಪದಗಳನ್ನು ಮುಂದಿಟ್ಟಿತು.

"ಅಷ್ಟು ವರ್ಷ ಓದಿ ಒಂದು ಬಿಹೇವ್ ಬರಲ್ವಾ? ಸೀಕ್ರಂ ಸೊಲ್ಲುಡಾ!" ಸಿಟ್ಟು ಬಂದರೆ ‘ಬೇಗ ಹೇಳೋ’ ಎನ್ನಲೂ ಅಕ್ಕ ಇಲ್ಲಿನ ತಮಿಳಿಗೆ ಜಾರುತ್ತಾಳೆ.

ರೋಸಿಹೋಗಿ ಬಾಯಿಗೆ ಬಂದ ಪದವನ್ನು ಹೇಳಿಬಿಟ್ಟೆ. ಆ ಹಿರಿಯರು ನನ್ನನ್ನೇ ದಿಟ್ಟಿಸಿ ನೋಡಿ ಅರಬಿಯಲ್ಲಿ ಕೇಳಿದರು: "ಮಗನೇ, ಬೆಳಗಿನಿಂದ ಚುಚ್ಚುತ್ತಿದ್ದಾರೆ. ಒಳಗೆ ಏನು ಹೋಗುತ್ತಿದೆ ಎಂದು ಒಬ್ಬರಾದರೂ ಹೇಳಿದರೇ?"

ಅದನ್ನು ಅಕ್ಕನಿಗೆ ಹೇಳಿದೆ. ಅವಳು, "ಇನ್‌ಫೆಕ್ಷನ್‌ಗೆ ಔಷಧಿ, ಸಂಜೆವರೆಗೆ ಅಷ್ಟೇ ಅನ್ನು" ಎಂದಳು. ಅದಕ್ಕೆ ಅರಬಿ ತಡವರಿಸದೆ ಬಂತು. ಚುಚ್ಚಿಸಿಕೊಳ್ಳಲು ಹಿರಿಯರೇ ಕೈ ಚಾಚಿದರು.

"ನನ್ ತಮ್ಮ ಹೇಳಿದ್ಮೇಲೇ ತಾತ ಬಿಹೇವ್ ಮಾಡಿದ್ದು" ಎಂದು ಅಕ್ಕ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅಂದು ಬಾಯಿಗೆ ಬಂದ ಪದದಿಂದ ನಾನು ಅವರನ್ನು ಗದರಿದೆನೋ, ಕೇಳಿಕೊಂಡೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.