ಶಾಂತಲಾ ಕಾಲೇಜು ಬಿಟ್ಟದ್ದು

ಗುಬ್ಬಿಯ ಗಂಗರಾಜು ಅವರ ಮಗಳು ಶಾಂತಲಾಗೆ ಚಿಕ್ಕಂದಿನಿಂದಲೂ ಆಗೊಮ್ಮೆ ಈಗೊಮ್ಮೆ ಫಿಟ್ಸ್ ಬರುತ್ತಿತ್ತು. ಮಾತ್ರೆ ನುಂಗಿಕೊಂಡು, ಯಾರಿಗೂ ಹೇಳದೆ, 2008ರಲ್ಲಿ ತುಮಕೂರಿನ ಕಾಲೇಜೊಂದರಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಳು. ವಿಷಯ ಗೊತ್ತಿದ್ದದ್ದು ಪಕ್ಕದಲ್ಲಿ ಕೂರುತ್ತಿದ್ದ ಸಂಹಿತಾಗೆ ಮಾತ್ರ. ಉಪ್ಪಾರಹಳ್ಳಿಯ ಅವಳ ಮನೆಯಲ್ಲಿ ಶಾಂತಲಾ ಎಷ್ಟೋ ಸಲ ಊಟ ಮಾಡಿದ್ದಳು.

ಒಂದು ಮಧ್ಯಾಹ್ನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಿದ್ದಳು. ಕಣ್ಣು ಬಿಟ್ಟಾಗ ಅಂಗೈಯಲ್ಲಿ, ಕಬ್ಬಿಣ ಹಿಡಿದರೆ ಫಿಟ್ಸ್ ನಿಲ್ಲುತ್ತದೆಂದು ಯಾರೋ ತುರುಕಿದ್ದ ಬೈಕಿನ ಕೀ ಇತ್ತು, ಚೂಡಿದಾರ ಒದ್ದೆಯಾಗಿತ್ತು.

ವಾರ ಬಿಟ್ಟು ಬಂದರೆ, ಕ್ಲಾಸಿಗೆ ಕಾಲಿಡುತ್ತಲೇ ಹಿಂದಿನ ಬೆಂಚುಗಳಲ್ಲಿ ಕೀಗೊಂಚಲುಗಳು ಗಲಗಲ ಅಂದವು. ಆಮೇಲೆ ಕಾರಿಡಾರಿನಲ್ಲಿ, ಬಸ್ ಸ್ಟಾಪಿನಲ್ಲಿ. “ಇಟ್ಕೋಮ್ಮ, ಬೇಕಾಗುತ್ತೆ,” ಎಂದು ಪ್ರದ್ಯುಮ್ನ ಎಂಬ ಸಹಪಾಠಿ ಕೀ ಚಾಚುತ್ತಿದ್ದ. ಶಾಂತಲಾ ನಕ್ಕುಬಿಡುತ್ತಿದ್ದಳು. ನಕ್ಕರೆ ಅವರಿಗೇ ಬೇಜಾರಾಗಿ ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದಳು.

ಒಂದು ಸಂಜೆ ಅಣ್ಣ ಕಾಂತೇಶ್ ತಾನು ಕೆಲಸ ಮಾಡುವ ಗ್ಯಾರೇಜಿನಿಂದ ಬಂದವನು ಅವಳ ಮುಖ ನೋಡಲಿಲ್ಲ. ಅಲ್ಲಿ ಯಾರೋ ಒಬ್ಬ ಅವನಿಗೆ “ನೋಡ್ಲಾ ಇದ್ನ” ಅಂತ ನಗುತ್ತಾ ಮೊಬೈಲ್ ಹಿಡಿದಿದ್ದ. ಅದರಲ್ಲಿ ಒದ್ದಾಡುತ್ತಿದ್ದವಳು ಕಾಂತೇಶನ ತಂಗಿ ಎಂದು ತೋರಿಸಿದವನಿಗೆ ಗೊತ್ತಿರಲಿಲ್ಲ. ಪ್ರದ್ಯುಮ್ನ ತೆಗೆದ ವಿಡಿಯೋ ಬ್ಲೂಟೂತಿನಲ್ಲಿ ಕೈಯಿಂದ ಕೈಗೆ ದಾಟಿ ಗುಬ್ಬಿಗೂ ಬಂದಿತ್ತು. ಆರ್ಕುಟ್‌ನಲ್ಲೂ ಅವಳ ಹೆಸರು ಹಾಕಿ ಆಡಿಕೊಂಡಿದ್ದರು.

“ನಾನೂ ನೋಡ್ಬೇಕು,” ಅಂದಳು ಶಾಂತಲಾ, ಅಣ್ಣ ವಿಷಯ ಹೇಳಿದ ಮೇಲೆ.

“ಬ್ಯಾಡ ಕಣೇ.”

“ಊರೆಲ್ಲ ನೋಡೈತೆ. ನಾನ್ ನೋಡ್ಬಾರ್ದಾ?”

ಅವನು ತನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದ ವಿಡಿಯೋ ತೋರಿಸಿದ. ತನ್ನ ಮೈ ಹಾಗೆ ಸೆಟೆದುಕೊಳ್ಳುವುದನ್ನು ಅವಳು ಕಂಡದ್ದು ಅದೇ ಮೊದಲು. ಅದನ್ನೂ ಸಹಿಸಿಕೊಂಡಳು. ಕೊನೆಯಲ್ಲಿ ಹುಡುಗಿಯೊಬ್ಬಳ ದನಿ ಕೇಳಿತು: “ಇವಳಿಗೆ ಮೊದಲಿಂದಲೂ ಇದೆ ಕಣ್ರೋ, ನನಗೆ ಗೊತ್ತಿತ್ತು.” ಸಂಹಿತಾ. ಹೇಳಿ ನಕ್ಕಿದ್ದಳು.

ಗಂಗರಾಜು ಮಗಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಹತ್ತಿರ ಹೋದರು.

“ಡಿಲೀಟ್ ಮಾಡ್ಸಿದೀನಿ. ಪರೀಕ್ಷೆ ಹತ್ರ ಬಂತು, ಆ ಮಕ್ಕಳ ಭವಿಷ್ಯಾನೂ ನೋಡ್ಬೇಕಲ್ವಾ?” ಅಂದರು ಪ್ರಿನ್ಸಿಪಾಲರು.

ಅಪ್ಪ ಏನಾದರೂ ಅನ್ನಲಿ ಎಂದು ಶಾಂತಲಾ ಕಾದಳು. ಅವರು ಕೈಮುಗಿದು ಎದ್ದರು. ಬಸ್ಸಿನಲ್ಲಿ ಕಿಟಕಿಯತ್ತ ನೋಡುತ್ತಾ, “ನಾಳಿಂದ ಬ್ಯಾಡ ಬುಡು ಮಗ,” ಎಂದರು.

ಕುಣಿಗಲ್‌ನಲ್ಲಿದ್ದ ಸೋದರತ್ತೆ ಪುಟ್ಟಗಂಗಮ್ಮನ ಮನೆಗೆ ಅವಳನ್ನು ಕಳಿಸಿದರು. ಅಲ್ಲಿ ಲಕ್ಷ್ಮೀದೇವಮ್ಮ ಎಂಬುವರ ಟೈಲರಿಂಗ್ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸಕ್ಕೆ ಸೇರಿದಳು. ಸ್ವಲ್ಪ ದಿನಕ್ಕೆ ಅಲ್ಲಿಯೂ ಬಿದ್ದಳು. ಎಚ್ಚರವಾದಾಗ ಶಟರ್ ಅರ್ಧ ಇಳಿದಿತ್ತು. ಮೈಮೇಲೆ ಫಾಲ್ ಹೊಲಿಯಲು ಬಂದಿದ್ದ ಯಾರದೋ ಸೀರೆ ಹೊದಿಸಿದ್ದರು.

“ಏಳ್ಬ್ಯಾಡ, ಇನ್ನೊಂಚೂರು ಮಲ್ಕೊ,” ಅಂದರು ಲಕ್ಷ್ಮೀದೇವಮ್ಮ, ಅವಳ ಬಾಯಿ ಒರೆಸುತ್ತಾ.

ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು.

ಪ್ರದ್ಯುಮ್ನನೂ ಸಂಹಿತಾಳೂ ಇಂಜಿನಿಯರಿಂಗ್ ಸೇರಿದ ಸುದ್ದಿ ಬಂತು. ಪ್ರೈವೇಟಾಗಿ ಪರೀಕ್ಷೆ ಕಟ್ಟು ಎಂದು ಕಾಂತೇಶ್ ಹೇಳಿ ನೋಡಿದ.

“ಆಗಲ್ಲ ಕಣಣ್ಣ,” ಅಂದಳು. “ಪುಸ್ತಕ ಬಿಚ್ಚಿದ್ರೆ ಆ ಕೀ ಸದ್ದೇ ಕೇಳಿಸ್ತದೆ.”

ಅವನು ಮತ್ತೆ ಕೇಳಲಿಲ್ಲ. ಅವಳು ಬ್ಲೌಸ್ ಕಟಿಂಗ್ ಕಲಿತು ಕುಣಿಗಲ್‌ನಲ್ಲೇ ಉಳಿದಳು.